ಪುಟ್ಟ ನಾಯಿಗಳ ಹಿಮ್ಮುಖ ಸೀನು: ಗಾಬರಿ ಬೇಡ, ಗಮನವಿರಲಿ



ಕೆಲವು ಸಮಯದ ಹಿಂದೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೊಸಪೇಟೆಗೆ ಹೋಗಬೇಕಾದ ಸಂದರ್ಭ ನಮಗೆ ಬಂದಿತ್ತು. ನಮ್ಮ ಕರಾವಳಿಯಿಂದ ಹೊರಟು ಹೊಸಪೇಟೆ, ಸಂಡೂರು, ತೋರಣಗಲ್ಲು, ಕಂಪ್ಲಿ ಕಡೆಗಳಲ್ಲಿ ನೆಲೆಸಿದ ಕುಟುಂಬಗಳು ಹಲವು ಇವೆ. ಉಕ್ಕಿನ ಕಾರ್ಖಾನೆ, ಶಾಲೆ, ಆಸ್ಪತ್ರೆ ಎಂದು ಉದ್ಯೋಗಕ್ಕೆ ಹೋದವರು ಅಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಅಂತಹ ಒಂದು ಮನೆಗೆ ನಾವು ಸಂಜೆಯ ಹೊತ್ತು ಭೇಟಿ ಕೊಟ್ಟೆವು. ಮನೆಯಲ್ಲಿದ್ದವರು ನಿವೃತ್ತ ಶಿಕ್ಷಕಿಯೊಬ್ಬರು. ಪತಿ ತೀರಿಕೊಂಡು ಕೆಲವು ವರ್ಷಗಳಾಗಿವೆ, ಮಕ್ಕಳಿಬ್ಬರೂ ಗಲ್ಫ್‌ನಲ್ಲಿ. ಜೊತೆಗೆ ಇರುವುದು ಜಿಮ್ಮಿ ಎಂಬ ಆರು ವರ್ಷದ ಬಿಳಿ ಪೊಮೆರೇನಿಯನ್ ನಾಯಿ ಮಾತ್ರ.

ಚಹಾ ಕುಡಿಯುತ್ತಿರುವಾಗ ಬಾಗಿಲ ಬಳಿ ಮಲಗಿದ್ದ ಜಿಮ್ಮಿ ಥಟ್ಟನೆ ಎದ್ದು ನಿಂತಿತು. ಕತ್ತನ್ನು ಮುಂದಕ್ಕೆ ಚಾಚಿ, ಮುಂಗಾಲುಗಳನ್ನು ಅಗಲಿಸಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಗೊರ್ ಗೊರ್ ಎಂದು ಗಾಳಿಯನ್ನು ಒಳಕ್ಕೆ ಎಳೆಯತೊಡಗಿತು. ಕಣ್ಣುಗಳು ಹೊರಬಂದಂತೆ ಕಾಣುತ್ತಿದ್ದವು. ಎದೆ ಉಬ್ಬುತ್ತಿತ್ತು. ನೋಡಿದವರಿಗೆ, ಇನ್ನು ಇದರ ಪ್ರಾಣ ಹೋಯಿತು ಎಂದೇ ಅನಿಸಬೇಕು. ಅರ್ಧ ನಿಮಿಷದಲ್ಲಿ ಎಲ್ಲವೂ ನಿಂತಿತು. ಜಿಮ್ಮಿ ಒಮ್ಮೆ ಮೂಗು ನೆಕ್ಕಿಕೊಂಡು, ಏನೂ ಆಗದಂತೆ ನಮ್ಮ ತಟ್ಟೆಯಲ್ಲಿದ್ದ ಬಿಸ್ಕತ್ತಿನ ಕಡೆ ನೋಡಿತು.

"ಮೂರು ದಿನದಿಂದ ಹೀಗೆಯೇ ಫಾದರ್. ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆಯೋ ಏನೋ ಅಂತ ಬಾಯಿಗೆ ಬೆರಳು ಹಾಕಿಯೂ ನೋಡಿದೆ, ಏನೂ ಸಿಗಲಿಲ್ಲ" ಎಂದು ಆ ತಾಯಿ ಕಣ್ಣೀರು ಹಾಕಿದರು. ಪಕ್ಕದ ಮನೆಯವರ ತೀರ್ಪು ಬೇರೆಯೇ ಆಗಿತ್ತು. "ಇದಕ್ಕ ಹುಚ್ಚು ಹತ್ತೈತ್ರೀ ಟೀಚರ್, ಮಕ್ಕಳು ಓಡಾಡೋ ಜಾಗ, ಎಲ್ಲ್ಯಾರ ದೂರ ಬಿಟ್ಟು ಬರ್ರಿ" ಎಂದು ಅವರು ಆಗಲೇ ಎರಡು ಸಲ ಹೇಳಿಹೋಗಿದ್ದರು. ಮರುದಿನ ಆಟೋದಲ್ಲಿ ನಾಯಿಯನ್ನು ಹೆದ್ದಾರಿ ದಾಟಿಸಿ ಬಿಟ್ಟುಬರುವುದೆಂದು ಮಾತೂ ಆಗಿತ್ತು.

ನಾವು ಪಶುವೈದ್ಯರಲ್ಲ. ಆದರೆ ನಮ್ಮ ಸೆಮಿನರಿಯಲ್ಲಿದ್ದ ಒಂದು ಚಿಕ್ಕ ನಾಯಿ ಹೀಗೆಯೇ ಮಾಡುತ್ತಿದ್ದುದು, ಹಾಗೆ ಮಾಡುತ್ತಲೇ ಹದಿಮೂರು ವರ್ಷ ಬದುಕಿದ್ದುದು ನೆನಪಿತ್ತು. ಆದುದರಿಂದ ಆಟೋ ಬೇಡ, ಮೊದಲು ಪಶು ಆಸ್ಪತ್ರೆಗೆ ಹೋಗೋಣ ಎಂದೆವು. ಅಲ್ಲಿ ತಿಳಿದುಕೊಂಡದ್ದನ್ನೂ, ಅನಂತರ ಓದಿ ಕೇಳಿ ಅರಿತದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇವೆ. ನಾಯಿ ಸಾಕುವ ಮನೆಗಳು ನಮ್ಮ ಓದುಗರಲ್ಲಿ ಬಹಳಷ್ಟಿವೆ, ಮತ್ತು ಈ ಗಾಬರಿ ಯಾವ ಮನೆಯಲ್ಲಿಯೂ ಉಂಟಾಗಬಹುದು.

ಏನಿದು ಹಿಮ್ಮುಖ ಸೀನು?

ಇಂಗ್ಲಿಷಿನಲ್ಲಿ ಇದನ್ನು ರಿವರ್ಸ್ ಸ್ನೀಜಿಂಗ್ ಎನ್ನುತ್ತಾರೆ. ಸಾಮಾನ್ಯ ಸೀನಿನಲ್ಲಿ ಗಾಳಿ ಮೂಗಿನಿಂದ ರಭಸವಾಗಿ ಹೊರಗೆ ಬರುತ್ತದೆ. ಮೂಗಿನ ಮುಂಭಾಗದಲ್ಲಿ ಧೂಳೋ ಮೆಣಸಿನ ಘಾಟೋ ತಾಗಿದರೆ ಅದನ್ನು ಹೊರದೂಡುವ ಉಪಾಯ ಅದು. ಆದರೆ ಕಿರಿಕಿರಿ ಮೂಗಿನ ಹಿಂಭಾಗದಲ್ಲಿ, ಅಂದರೆ ಮೂಗು ಗಂಟಲಿಗೆ ಸೇರುವ ಜಾಗದಲ್ಲಿ, ಅಂಗುಳಿನ ಮೆತ್ತನೆಯ ಭಾಗದ ಮೇಲೆ ಉಂಟಾದರೆ ಹೊರಕ್ಕೆ ಸೀನಿ ಪ್ರಯೋಜನವಿಲ್ಲ. ಆಗ ನಾಯಿ ಗಾಳಿಯನ್ನು ಜೋರಾಗಿ ಒಳಕ್ಕೆ ಎಳೆದು, ಅಲ್ಲಿ ಸಿಕ್ಕಿಕೊಂಡ ಲೋಳೆಯನ್ನು ಅಥವಾ ಕಣವನ್ನು ಗಂಟಲಿಗೆ ತಂದು ನುಂಗಿಬಿಡುತ್ತದೆ. ನೆಗಡಿಯಾದಾಗ ಮಕ್ಕಳು ಸಿಂಬಳವನ್ನು ಸೊರ್ ಎಂದು ಒಳಗೆಳೆದುಕೊಳ್ಳುವುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾಯಿಯದು ಅದಕ್ಕಿಂತ ನೂರು ಪಾಲು ಆರ್ಭಟದ್ದು, ಅಷ್ಟೆ.

ಒಂದು ಸರದಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳವರೆಗೆ ಇರಬಹುದು. ನಾಯಿ ಒಮ್ಮೆ ನುಂಗಿದೊಡನೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಸರದಿಗೆ ಮೊದಲೂ ಅನಂತರವೂ ನಾಯಿ ಪೂರ್ಣ ಆರೋಗ್ಯವಾಗಿರುತ್ತದೆ, ತಿನ್ನುತ್ತದೆ, ಆಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಇದೇ ಮುಖ್ಯ ಗುರುತು. ಕೆಲವು ನಾಯಿಗಳಿಗೆ ವರ್ಷಕ್ಕೆ ಒಂದೆರಡು ಬಾರಿ, ಕೆಲವಕ್ಕೆ ದಿನಕ್ಕೊಮ್ಮೆ ಬರುವುದೂ ಉಂಟು. ಇದು ರೋಗವಲ್ಲ, ಒಂದು ಪ್ರತಿವರ್ತನೆ ಮಾತ್ರ. ಇದರಿಂದ ನಾಯಿ ಉಸಿರುಗಟ್ಟಿ ಸಾಯುವುದಿಲ್ಲ.

ದೊಡ್ಡ ನಾಯಿಗಳಲ್ಲಿಯೂ ಇದು ಇಲ್ಲದಿಲ್ಲ. ಆದರೆ ಪೊಮೆರೇನಿಯನ್, ಚಿಹುವಾಹುವಾ, ಶಿಟ್ಜು, ಪಗ್ ಮುಂತಾದ ಸಣ್ಣ ತಳಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಪಗ್ ಜಾತಿಯ ಕಥೆ ಬೇರೆಯೇ ಹೇಳಬೇಕು. ಅದರ ತಲೆಬುರುಡೆ ಮೊಟಕಾದರೂ ಒಳಗಿನ ಅಂಗುಳು ಮೊಟಕಾಗಿಲ್ಲ. ಆ ಮೆತ್ತನೆಯ ಅಂಗುಳು ಉದ್ದವಾಗಿ ಗಂಟಲಿನೊಳಗೆ ಜೋತುಬಿದ್ದಿರುತ್ತದೆ. ಮೂಗಿನ ಹೊಳ್ಳೆಗಳೂ ಕಿರಿದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡುವ ಪಗ್ ನಾಯಿಯನ್ನು ನೋಡಿ ಊರೂರಿನಲ್ಲಿ ಜನ ಆ ಮರಿಗಳನ್ನು ಹುಡುಕಿಕೊಂಡು ಹೋದರು. ಕಂಪನಿಯ ಹೆಸರು ಎಂದೋ ಅಳಿಸಿಹೋಯಿತು, ಪಗ್ ಮಾತ್ರ ಉಳಿಯಿತು. ಬಳ್ಳಾರಿ ಸೀಮೆಯ ಬಿಸಿಲಿಗೆ ಆ ಮೂಗು ಹೇಳಿ ಮಾಡಿಸಿದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. ಬಾಗಲಕೋಟೆ ಕಡೆಯ ಮುಧೋಳ ನಾಯಿಯ ಉದ್ದ ಮೂತಿಯನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಊರುಗಳಲ್ಲಿ ಕಾರಣಗಳಿಗೆ ಕೊರತೆಯಿಲ್ಲ

ಪಶುವೈದ್ಯರು ಮೊದಲು ಕೇಳಿದ ಪ್ರಶ್ನೆ ಮನೆ ಎಲ್ಲಿದೆ ಎಂಬುದಾಗಿತ್ತು. ಲಾರಿಗಳು ಓಡಾಡುವ ದಾರಿಯ ಬದಿಯಲ್ಲಿ ಎಂದು ಶಿಕ್ಷಕಿ ಹೇಳಿದಾಗ ಅವರು ತಲೆಯಾಡಿಸಿದರು. ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವ 67ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಹಾಗೂ ವಿಜಯಪುರದಿಂದ ಚಿತ್ರದುರ್ಗಕ್ಕೆ ಹೋಗುವ 50ನೇ ಹೆದ್ದಾರಿ ಎರಡೂ ಹೊಸಪೇಟೆಯನ್ನು ಮುಟ್ಟುತ್ತವೆ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರಿನ ಕೆಂಪು ಧೂಳನ್ನು ಕಂಡವರು ಮರೆಯಲಾರರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಮುಂದೆ ಷರತ್ತುಗಳ ಮೇಲೆ ಹಂತ ಹಂತವಾಗಿ ಮತ್ತೆ ಆರಂಭವಾಯಿತು. ಗಣಿಯಿದ್ದಲ್ಲಿ ಧೂಳು ಇದ್ದದ್ದೇ. ನಾವು ಮನುಷ್ಯರು ನಾಲ್ಕೈದು ಅಡಿ ಎತ್ತರದಲ್ಲಿ ಉಸಿರಾಡುತ್ತೇವೆ. ಪುಟ್ಟ ನಾಯಿಯ ಮೂಗು ನೆಲದಿಂದ ಅರ್ಧ ಅಡಿ ಮೇಲಿರುತ್ತದೆ, ಅದೂ ಸದಾ ಏನನ್ನಾದರೂ ಮೂಸುತ್ತಲೇ ಇರುತ್ತದೆ. ರಸ್ತೆಯಲ್ಲಿ ಕೂತ ಧೂಳು ಲಾರಿಯ ಗಾಳಿಗೆ ಎದ್ದರೆ ಮೊದಲು ಸೇರುವುದು ಆ ಮೂಗನ್ನು.

ಕಂಪ್ಲಿಯಲ್ಲಿ ಕಾರಣ ಬೇರೆ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ ಅದು. ಕೊಯ್ಲಿನ ಕಾಲದಲ್ಲಿ ಯಂತ್ರ ಬಂದು ಹೋದ ಮೇಲೆ ಹೊಟ್ಟು, ದೂಳು, ಹುಲ್ಲು ಸುಟ್ಟ ಹೊಗೆ ಮನೆಯೊಳಗೂ ಬರುತ್ತದೆ. ಮಳೆಯಾಶ್ರಿತ ಹೊಲಗಳಿರುವ ಕಡೆ ಜೋಳದ ಸುಂಕು. ಹಂಪಿಯ ಸುತ್ತಲಿನ ಬಂಡೆಗಳ ನಡುವೆ ಒಣಗಿ ನಿಂತ, ಬಟ್ಟೆಗೆ ಚುಚ್ಚಿಕೊಳ್ಳುವ ಕಡ್ಡಿ ಹುಲ್ಲು ನಾಯಿಯ ಮೂಗಿನೊಳಗೆ ಹೊಕ್ಕರೆ ಅದು ಸುಮ್ಮನೆ ಹೊರಬರುವುದಿಲ್ಲ. ಅದರ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಳಕ್ಕೇ ಸರಿಯುತ್ತದೆ. ಈ ವಿಷಯಕ್ಕೆ ಮುಂದೆ ಬರೋಣ.

ಹೊರಗಿನದನ್ನೇ ದೂರಬೇಕಾಗಿಲ್ಲ. ಮನೆಯೊಳಗೆ ನಾವೇ ಹಚ್ಚುವ ಊದುಬತ್ತಿ, ಸೊಳ್ಳೆ ಬತ್ತಿ, ನೆಲಕ್ಕೆ ಹಾಕುವ ಫಿನಾಯಿಲು, ಟಾಲ್ಕಂ ಪೌಡರು, ಸೆಂಟು, ಒಣಮೆಣಸಿನಕಾಯಿ ಒಗ್ಗರಣೆ ಇವೆಲ್ಲವೂ ಸಾಕು. ಅತಿಯಾದ ಸಂತೋಷವೂ ಕಾರಣವಾಗುತ್ತದೆ, ಮನೆಯವರು ಹೊರಗಿನಿಂದ ಬಂದಾಗ ಕುಣಿದಾಡಿ ಹಿಮ್ಮುಖ ಸೀನು ಬರಿಸಿಕೊಳ್ಳುವ ನಾಯಿಗಳಿವೆ. ಗಬಗಬನೆ ತಿನ್ನುವುದು, ನೀರು ಕುಡಿಯುವುದು, ಕತ್ತಿನ ಬೆಲ್ಟನ್ನು ಹಿಡಿದು ಎಳೆಯುವುದು, ಎ.ಸಿ. ಕೋಣೆಯಿಂದ ಬಿಸಿಲಿಗೆ ಬರುವುದು ಕೂಡ ಕಾರಣಗಳೇ. ಜಿಮ್ಮಿಯ ವಿಷಯದಲ್ಲಿ ಕಂಡುಬಂದದ್ದು ಬಹಳ ಸರಳ. ಮೂರು ದಿನಗಳ ಹಿಂದೆ ಮನೆಗೆ ಸುಣ್ಣ ಬಣ್ಣ ಮಾಡಿಸಲು ಗೋಡೆ ಕೆರೆಸಿದ್ದರು.

ಸರದಿ ಬಂದಾಗ ಏನು ಮಾಡಬೇಕು?

ಮೊದಲನೆಯದಾಗಿ, ನಾವು ಗಾಬರಿಯಾಗಬಾರದು. ಕೂಗಾಡಿದರೆ, ಎತ್ತಿ ಅಲ್ಲಾಡಿಸಿದರೆ ನಾಯಿ ಇನ್ನಷ್ಟು ಬೆದರಿ ಸರದಿ ಉದ್ದವಾಗುತ್ತದೆ. ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮೆಲುದನಿಯಲ್ಲಿ ಅದರ ಹೆಸರು ಹಿಡಿದು ಮಾತನಾಡಿಸುತ್ತಾ, ಗಂಟಲಿನ ಕೆಳಭಾಗವನ್ನು ಮೇಲಿಂದ ಕೆಳಕ್ಕೆ ಮೃದುವಾಗಿ ಸವರಬೇಕು. ಇದರಿಂದ ನುಂಗುವ ಕ್ರಿಯೆ ಉಂಟಾಗುತ್ತದೆ. ಧೂಳು ಅಥವಾ ಹೊಗೆ ಇರುವ ಜಾಗವಾದರೆ ನಿಧಾನವಾಗಿ ಬೇರೆ ಕಡೆಗೆ ಒಯ್ಯಬೇಕು. ಎಳೆತ ಸ್ವಲ್ಪ ಕಡಿಮೆಯಾದಾಗ ಬೊಗಸೆಯಲ್ಲಿ ತುಸು ನೀರು ನೆಕ್ಕಲು ಕೊಡಬಹುದು. ನಾಯಿ ತಾನಾಗಿ ನೆಕ್ಕಬೇಕು, ನಾವು ಹೊಯ್ಯಬಾರದು. ಮೂಗಿನ ಹೊಳ್ಳೆಗಳನ್ನು ಒಂದೆರಡು ಸೆಕೆಂಡು ಬೆರಳಿನಿಂದ ಮುಚ್ಚಿದರೆ ನಾಯಿ ನುಂಗುತ್ತದೆ ಎಂದು ಕೆಲವರು ಹೇಳುವುದುಂಟು. ಇದು ನಿಜವೇ ಆದರೂ ಎಲ್ಲ ನಾಯಿಗಳೂ ಸಹಿಸುವುದಿಲ್ಲ. ಮೊದಲೇ ಉಸಿರಿಗೆ ಒದ್ದಾಡುವ ಪಗ್‌ಗೆ ಇದನ್ನು ಮಾಡದಿರುವುದೇ ಲೇಸು. ಏನೂ ಮಾಡದೆ ಕಾದರೂ ಸರದಿ ತಾನಾಗಿ ಮುಗಿಯುತ್ತದೆ.

ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು ಬಾಯಿಗೆ ಬೆರಳು ಹಾಕುವುದು. ಎಲುಬು ಹುಡುಕುವ ಭರದಲ್ಲಿ ಕಚ್ಚಿಸಿಕೊಂಡವರಿದ್ದಾರೆ. ಇನ್ನು ನಮ್ಮಲ್ಲಿ ಪ್ರತಿ ಮನೆಯಲ್ಲಿಯೂ ಒಬ್ಬ ವೈದ್ಯರಿರುತ್ತಾರೆ! ಜಿಮ್ಮಿಗೆ ಮೆಡಿಕಲ್ ಶಾಪೊಂದರಿಂದ ತಂದ ಮಕ್ಕಳ ಕೆಮ್ಮಿನ ಸಿರಪ್ಪನ್ನು ಎರಡು ಬಾರಿ ಕುಡಿಸಲಾಗಿತ್ತು, ಎದೆಗೆ ವಿಕ್ಸ್ ಹಚ್ಚಲಾಗಿತ್ತು. ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ಪುಟ್ಟ ನಾಯಿಗೆ ವಿಷವಾಗಬಲ್ಲವು. ಕರ್ಪೂರ ಸೇರಿದ ಮುಲಾಮನ್ನು ನಾಯಿ ನೆಕ್ಕಿಕೊಳ್ಳುತ್ತದೆ, ಅದೂ ಅಪಾಯ. ಈರುಳ್ಳಿ, ಬೆಳ್ಳುಳ್ಳಿ ರಸ ನಾಯಿಯ ರಕ್ತಕಣಗಳನ್ನೇ ನಾಶಮಾಡುತ್ತದೆ. ಹಿಮ್ಮುಖ ಸೀನಿನಿಂದ ಸಾಯದ ನಾಯಿ ಮನೆಮದ್ದಿನಿಂದ ಸಾಯುವುದು ಎಂತಹ ದುರ್ದೈವ!

ಒಂದು ಕೆಲಸ ಮಾತ್ರ ತಪ್ಪದೆ ಮಾಡಬೇಕು. ಮೊಬೈಲಿನಲ್ಲಿ ವಿಡಿಯೋ ತೆಗೆಯಬೇಕು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಾಯಿ ಸರಿಯಾಗಿಯೇ ಇರುತ್ತದೆ, ಅಲ್ಲಿ ಸೀನು ಎಂದರೆ ಅದು ಸೀನುವುದಿಲ್ಲ. ಮುಖ ಮತ್ತು ಎದೆ ಎರಡೂ ಕಾಣುವಂತೆ ಪಕ್ಕದಿಂದ, ಸದ್ದು ಸ್ಪಷ್ಟವಾಗಿ ಕೇಳುವಂತೆ ತೆಗೆದ ಅರ್ಧ ನಿಮಿಷದ ವಿಡಿಯೋ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಿಕ್ಷಕಿಯವರ ಮೊಬೈಲಿನಲ್ಲಿ ಆ ರಾತ್ರಿ ನಾವೇ ತೆಗೆದ ವಿಡಿಯೋವನ್ನು ನೋಡಿ ವೈದ್ಯರು ಒಂದೇ ನಿಮಿಷದಲ್ಲಿ ವಿಷಯ ಹೇಳಿದರು.

ಹುಚ್ಚುನಾಯಿ ರೋಗದ ಭಯ

ಆದರೆ ಅವರು ನಗಲಿಲ್ಲ. ಬೆರಳು ಹಾಕಿದ ಸಂಗತಿ ಕೇಳಿದೊಡನೆ ನಾಯಿಯ ಲಸಿಕೆಯ ಪುಸ್ತಕ ಕೇಳಿದರು. ಅದೃಷ್ಟಕ್ಕೆ ಪುಸ್ತಕವಿತ್ತು, ಪ್ರತಿ ವರ್ಷದ ರೇಬಿಸ್ ಲಸಿಕೆಯ ದಿನಾಂಕವೂ ಇತ್ತು. ಪಕ್ಕದ ಮನೆಯವರ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ರೇಬಿಸ್ ಎಂದರೆ ಎಲ್ಲ ನಾಯಿಗಳೂ ಕೆರಳಿ ಕಚ್ಚಲು ಬರುತ್ತವೆ ಎಂದು ತಿಳಿಯಬಾರದು. ಮಂಕಾಗಿ ಮೂಲೆ ಸೇರುವ ಬಗೆಯೂ ಇದೆ. ಅದರಲ್ಲಿ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾಗದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಎಲುಬು ತೆಗೆಯಲು ಕೈ ಹಾಕಿದವರು ಅಪಾಯಕ್ಕೆ ಸಿಲುಕುವುದು ಹೀಗೆಯೇ.

ವ್ಯತ್ಯಾಸ ಇಷ್ಟು. ಹಿಮ್ಮುಖ ಸೀನಿನ ನಾಯಿ ನಿಮಿಷದಲ್ಲಿ ಮೊದಲಿನಂತಾಗಿ ಬಿಸ್ಕತ್ತು ಕೇಳುತ್ತದೆ. ರೇಬಿಸ್ ತಗುಲಿದ ನಾಯಿ ಮೊದಲಿನಂತಾಗುವುದಿಲ್ಲ. ಬೊಗಳುವ ಸ್ವರ ಬದಲಾಗುತ್ತದೆ, ಊಟ ಬಿಡುತ್ತದೆ, ದಿನದಿಂದ ದಿನಕ್ಕೆ ಕುಸಿಯುತ್ತದೆ, ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ. ಲಸಿಕೆ ಆಗದ ನಾಯಿಯಲ್ಲಿ ಇಂತಹ ಲಕ್ಷಣ ಕಂಡರೆ ಮುಟ್ಟದೆ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದರೆ, ಪರಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ಅರಿಶಿನ, ಸುಣ್ಣ ಮೆತ್ತಿಕೊಂಡು ಕೂರುವ ಕಾಲ ಇದಲ್ಲ. ನಾಯಿಯನ್ನು ದೂರ ಬಿಟ್ಟುಬರುವುದಂತೂ ಎರಡೂ ರೀತಿಯಲ್ಲಿ ತಪ್ಪು. ಆರೋಗ್ಯವಂತ ನಾಯಿಯಾದರೆ ಅದು ಕ್ರೌರ್ಯ, ರೋಗದ ನಾಯಿಯಾದರೆ ಇನ್ನೊಂದು ಊರಿಗೆ ರೋಗವನ್ನು ಕಳುಹಿಸಿದಂತೆ.

ಹಿಮ್ಮುಖ ಸೀನು ಎಂದು ಸುಮ್ಮನಿರಬಾರದ ಸಂದರ್ಭಗಳು

ಈ ಲೇಖನ ಓದಿ ಎಲ್ಲ ಗೊರಗೊರ ಸದ್ದನ್ನೂ ಹಿಮ್ಮುಖ ಸೀನು ಎಂದು ಬಿಟ್ಟುಬಿಟ್ಟರೆ ನಾವು ಬರೆದದ್ದೇ ತಪ್ಪಾದೀತು. ಪೊಮೆರೇನಿಯನ್‌ನಂತಹ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲವಾಗಿ ನಾಳವೇ ಕುಗ್ಗುವ ತೊಂದರೆಯಿದೆ. ಅದರ ಸದ್ದು ಬಾತುಕೋಳಿಯ ಕೂಗಿನಂತಹ ಒಣ ಕೆಮ್ಮು. ಗಾಳಿ ಹೊರಬರುವಾಗ ಕೇಳುತ್ತದೆ, ಬೆಲ್ಟು ಎಳೆದಾಗ ಜಾಸ್ತಿಯಾಗುತ್ತದೆ. ವಯಸ್ಸಾದ ಸಣ್ಣ ನಾಯಿ ರಾತ್ರಿ ಕೆಮ್ಮುತ್ತಿದ್ದರೆ, ಬೇಗ ಸುಸ್ತಾಗುತ್ತಿದ್ದರೆ ಹೃದಯದ ಕವಾಟದ ರೋಗವಿರಬಹುದು. ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ನಾಯಿ ಗಾಢ ನಿದ್ರೆಯಲ್ಲಿರುವಾಗ ಗಡಿಯಾರ ಹಿಡಿದು ಒಂದು ನಿಮಿಷದಲ್ಲಿ ಎದೆ ಎಷ್ಟು ಬಾರಿ ಏರಿಳಿಯುತ್ತದೆ ಎಂದು ಎಣಿಸಿ. 30ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. ಪ್ರತಿದಿನವೂ ಅದನ್ನು ಮೀರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹೊಲಕ್ಕೋ ಬಂಡೆಗಳ ಕಡೆಗೋ ಹೋಗಿಬಂದ ಕೂಡಲೇ ಒಂದೇ ಸಮನೆ ಸೀನುತ್ತಾ ಮೂಗನ್ನು ಕಾಲಿನಿಂದ ಉಜ್ಜಿಕೊಳ್ಳುತ್ತಿದ್ದರೆ ಕಡ್ಡಿ ಹುಲ್ಲು ಹೊಕ್ಕಿರಬಹುದು. ಒಂದೇ ಹೊಳ್ಳೆಯಿಂದ ಕೀವು ಅಥವಾ ರಕ್ತ ಬಂದರೆ ಹುಲ್ಲು, ಹಲ್ಲಿನ ಬೇರಿನ ಕೀವು ಅಥವಾ ಮೂಗಿನೊಳಗಿನ ಗೆಡ್ಡೆ ಎಂದು ಪರೀಕ್ಷಿಸಲೇಬೇಕು. ನಮ್ಮ ದೇಶದಲ್ಲಿ ಉಣ್ಣೆಗಳಿಂದ ಹರಡುವ ಜ್ವರದಲ್ಲಿಯೂ ನಾಯಿಯ ಮೂಗಿನಿಂದ ರಕ್ತ ಬರುತ್ತದೆ. ಇನ್ನು ಮೂಗಿನೊಳಗೇ ವಾಸಿಸುವ ಒಂದು ಸೂಕ್ಷ್ಮ ಹುಳವಿದೆ, ಒಂದೂವರೆ ಮಿಲಿಮೀಟರಿನಷ್ಟು. ನಾಯಿಯಿಂದ ನಾಯಿಗೆ ಮೂಗು ತಾಗಿಸಿದಾಗ ದಾಟುತ್ತದೆ. ಹಿಂದೆಂದೂ ಇಲ್ಲದ ಹಿಮ್ಮುಖ ಸೀನು ಒಮ್ಮೆಲೇ ಶುರುವಾಗಿ ದಿನಕ್ಕೆ ಹತ್ತಾರು ಬಾರಿ ಬಂದರೆ ವೈದ್ಯರು ಇದನ್ನೂ ಸಂಶಯಿಸುತ್ತಾರೆ. ಔಷಧಿ ಅವರೇ ಕೊಡಬೇಕು, ಮನೆಯ ಎಲ್ಲ ನಾಯಿಗಳಿಗೂ ಕೊಡಬೇಕಾಗುತ್ತದೆ. ದನಗಳಿಗೆಂದು ತಂದ ಹುಳದ ಔಷಧಿಯನ್ನು ಅಂದಾಜಿನಲ್ಲಿ ಕೊಡುವುದು ಬೇಡವೇ ಬೇಡ.

ಒಸಡು, ನಾಲಗೆ ನೀಲಿಯಾದರೆ, ನಾಯಿ ಕುಸಿದು ಬಿದ್ದರೆ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದರೆ ಒಂದು ಕ್ಷಣವೂ ಕಾಯಬಾರದು. ಹೊಸಪೇಟೆ, ಕಂಪ್ಲಿಯ ಬೇಸಿಗೆಯಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣ ಬಿಸಿಲಾಘಾತ, ಅದರಲ್ಲಿಯೂ ಪಗ್‌ಗಳಲ್ಲಿ. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41ರ ಹತ್ತಿರ ಬಂದರೆ ಪ್ರಾಣಾಪಾಯ. ನೆರಳಿಗೆ ತಂದು ಮೈಮೇಲೆ ಸಾಮಾನ್ಯ ತಣ್ಣೀರು ಹೊಯ್ದು, ಫ್ಯಾನ್ ಹಾಕಿ, ಹಾಗೆಯೇ ಒದ್ದೆಯಾಗಿಯೇ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಮಾತ್ರ ಗಾಬರಿಪಟ್ಟವರೇ ಬುದ್ಧಿವಂತರು. ಸ್ಥಳೀಯ ಪಶು ಆಸ್ಪತ್ರೆಯಲ್ಲಿ ಬಗೆಹರಿಯದ ತೊಂದರೆಗಳನ್ನು ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಿಗೆ ಒಯ್ಯಬಹುದು.

ದಿನನಿತ್ಯದ ಆರೈಕೆ

ಜಿಮ್ಮಿಗೆ ವೈದ್ಯರು ಔಷಧಿಯನ್ನೇ ಬರೆಯಲಿಲ್ಲ. ಶಿಕ್ಷಕಿಯವರಿಗೆ ಇದು ಅಷ್ಟು ಸಮಾಧಾನ ತರಲಿಲ್ಲ, ಚೀಟಿಯಿಲ್ಲದೆ ಆಸ್ಪತ್ರೆಯಿಂದ ಹೊರಬರುವುದು ನಮ್ಮವರಿಗೆ ಹಿಡಿಸುವುದಿಲ್ಲ. ವೈದ್ಯರು ಹೇಳಿದ್ದು ಇಷ್ಟು. ಕತ್ತಿನ ಬೆಲ್ಟು ತೆಗೆದು ಎದೆಗೆ ಹಾಕುವ ಪಟ್ಟಿ ತನ್ನಿ. ಪೊರಕೆಯಿಂದ ಒಣ ಧೂಳು ಎಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಗುಡಿಸುವಾಗ ನಾಯಿಯನ್ನು ಬೇರೆ ಕೋಣೆಯಲ್ಲಿ ಬಿಡಿ. ವಾಕಿಂಗ್‌ಗೆ ಬೆಳಿಗ್ಗೆ ಲಾರಿ ಓಡಾಟ ಜೋರಾಗುವ ಮೊದಲೇ ಹೊರಡಿ, ಹೆದ್ದಾರಿ ಬದಿ ಬಿಟ್ಟು ಒಳದಾರಿ ಹಿಡಿಯಿರಿ. ಬಂದ ಮೇಲೆ ಮುಖ, ಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಂಪಿಯಂತಹ ಕಲ್ಲುನೆಲದಲ್ಲಿ ನಡೆಸುವ ಮುನ್ನ ನಮ್ಮ ಅಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ನೋಡಬೇಕು, ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಮೈತೂಕ ಹೆಚ್ಚಾಗಲು ಬಿಡಬೇಡಿ, ಕೊಬ್ಬು ಗಂಟಲಿನ ಸುತ್ತಲೂ ಸೇರುತ್ತದೆ. (ಬಿಸ್ಕತ್ತಿನ ವಿಷಯ ಬಂದಾಗ ಶಿಕ್ಷಕಿಯವರು ನಮ್ಮ ಮುಖ ನೋಡಿದರು.) ಸರದಿ ಬಂದ ದಿನ, ಹೊತ್ತು, ಎಷ್ಟು ಸೆಕೆಂಡು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

ಮೂವತ್ತೈದು ವರ್ಷ ಹಾಜರಿ ಪುಸ್ತಕ ಬರೆದವರಿಗೆ ಕೊನೆಯ ಸಲಹೆ ಬಹಳ ಇಷ್ಟವಾಯಿತು. ಎರಡು ತಿಂಗಳ ನಂತರ ಅವರು ಫೋನ್ ಮಾಡಿ ಪುಸ್ತಕ ಓದಿ ಹೇಳಿದರು. ಗೋಡೆಯ ಕೆಲಸ ಮುಗಿದ ಮೇಲಿನ ವಾರ ನಾಲ್ಕು ಬಾರಿ, ಆಮೇಲಿನ ವಾರ ಒಮ್ಮೆ, ಅನಂತರ ಸಕ್ಕರೆ ಡಬ್ಬಿಗೆ ಇರುವೆ ಪುಡಿ ಹಾಕಿದ ದಿನ ಒಮ್ಮೆ. ಪಕ್ಕದ ಮನೆಯವರು ತಮ್ಮ ಮಗನಿಗೆಂದು ಒಂದು ಮರಿ ತಂದಿದ್ದಾರಂತೆ. ಅದು ಪಗ್ ಎಂದು ಕೇಳಿ ನಾವು ಈ ಲೇಖನವನ್ನು ಬೇಗ ಮುಗಿಸಿ ಅವರಿಗೂ ಕಳುಹಿಸಿದ್ದೇವೆ.